ಭಾನುವಾರಕ್ಕೊಂದು ತೆಳು ಪ್ಯಾಂಟು

೧

ಒಂದೂರಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಹತ್ತಿರ ಒಂದೇ ಒಂದು ಸ್ಕೀ ಪ್ಯಾಂಟಿತ್ತು.

ಹೀಗೆ ಶುರು ಮಾಡಬಹುದೆ? ನನ್ನ ಅಜ್ಜಿಯ ಕಥೆಗಳು ಹೀಗೇ ಶುರುವಾಗುತ್ತಿದ್ದವು. ಒಬ್ಬ ರಾಜ, ಅವನಿಗೊಂದು ಕೊರತೆ. ಒಬ್ಬಳು ಮುದುಕಿ, ಅವಳಿಗೊಂದು ಕೋಳಿ. ಕೊರತೆಯೋ ಕೋಳಿಯೋ ಒಂದಿದ್ದರೆ ಸಾಕು, ಮಿಕ್ಕಿದ್ದನ್ನು ಅಜ್ಜಿ ನೋಡಿಕೊಳ್ಳುತ್ತಿದ್ದಳು. ಆದರೆ ಅಜ್ಜಿಯ ಕಥೆಗಳಲ್ಲಿ ಯಾರೂ ಪ್ಯಾಂಟು ಹುಡುಕಿಕೊಂಡು ಹೊರಟಿದ್ದು ನನಗೆ ನೆನಪಿಲ್ಲ. ಏಳು ಸಮುದ್ರ ದಾಟಿ ಮಾಣಿಕ್ಯ ತರುತ್ತಿದ್ದರು. ಹುಲಿಯ ಹಾಲು ತರುತ್ತಿದ್ದರು. ಅಸ್ತರಿಲ್ಲದ, ತೊಡೆಯ ಪಕ್ಕ ಗಾಳಿಯಾಡಲು ಉದ್ದ ಜಿಪ್ಪಿರುವ, ಬಿಸಿಲಿಗೆ ಬೇಯಿಸದ, ಒದ್ದೆ ಸೀಟಿನ ಮೇಲೆ ಕೂತರೆ ಕುಂಡೆ ನೆನೆಯದ ಹಗುರ ಪ್ಯಾಂಟು ತಾ ಎಂದು ಯಾವ ರಾಜಕುಮಾರಿಯೂ ಹಟ ಹಿಡಿದಿರಲಿಲ್ಲ.

(ಹುಲಿಯ ಹಾಲೇ ಸುಲಭ. ಇನ್ನೆರಡು ಪುಟ ಹೋದರೆ ನಿಮಗೂ ಹಾಗನಿಸುತ್ತದೆ.)

ಆದ್ದರಿಂದ ಮೊದಲೇ ಒಂದು ಮಾತು ಕೊಟ್ಟುಬಿಡುತ್ತೇನೆ. ಈ ಕಥೆ ನಿಲ್ಲುವ ಹೊತ್ತಿಗೆ ಆ ಹೆಂಗಸಿಗೆ ಪ್ಯಾಂಟು ಸಿಕ್ಕಿರುತ್ತದೆ. ಅಷ್ಟಕ್ಕೆ ನಾನು ಜವಾಬ್ದಾರಿ. ಅದರಾಚೆಯದಕ್ಕೆ ನನ್ನ ಜುಟ್ಟು ಹಿಡಿಯಬೇಡಿ.

೨

ಊರಿನ ಹೆಸರು ಲ್ಯಾಡರ್ ಕ್ರೀಕ್. ಅಮೆರಿಕದ ಕೊಲರಾಡೊದ ಎತ್ತರದಲ್ಲಿದೆ. ಏಪ್ರಿಲ್ ಮೂರನೆಯ ವಾರದಲ್ಲೂ ಗುಡ್ಡದ ಮೇಲೆ ಆಳೆತ್ತರ ಹಿಮ, ಕೆಳಗಿನ ಬೀದಿಯಲ್ಲಿ ಚಡ್ಡಿ ತೊಟ್ಟ ಜನ. ಬೆಳಿಗ್ಗೆ ಹಿಮ ಗಾಜಿನಷ್ಟು ಗಟ್ಟಿ. ಹತ್ತು ಗಂಟೆಗೆ ಬಿಸಿಲೇರಿ ನೆನೆಸಿಟ್ಟ ಸಬ್ಬಕ್ಕಿಯಂತೆ ಕಾಳುಕಾಳಾಗುತ್ತದೆ. ಒಂದು ಗಂಟೆಗೆ ಅದೇ ಸಬ್ಬಕ್ಕಿ ಪಾಯಸವಾಗುತ್ತದೆ. ಸಬ್ಬಕ್ಕಿ ಪಾಯಸವಾಗುವುದರೊಳಗಿನ ಆ ಎರಡು ಮೂರು ಗಂಟೆಗಾಗಿ ಊರಿನವರು ಕೆಲಸಕ್ಕೆ ಚಕ್ಕರ್ ಹೊಡೆಯುತ್ತಾರೆ, ಹಲ್ಲಿನ ಡಾಕ್ಟರು ಕೂಡ.

ಹೆಂಗಸಿನ ಹೆಸರು ಮಾರ್ಲಿಸ್. ನಲವತ್ತೊಂದು ವರ್ಷ. ವಾರದ ದಿನಗಳಲ್ಲಿ ಶಾಲೆಯ ಹಳದಿ ಬಸ್ಸು ಓಡಿಸುತ್ತಾಳೆ. ಶನಿವಾರ ಭಾನುವಾರ ಎಮೆಟ್ ಎಂಬ ಎಪ್ಪತ್ತಮೂರರ ಮುದುಕನಿಗೆ ಗುಡ್ಡದ ಮೇಲೆ ದಾರಿ ತೋರಿಸುತ್ತಾಳೆ.

ಎಮೆಟ್‌ಗೆ ಕಣ್ಣು ಕಾಣುವುದಿಲ್ಲ. ಜನರನ್ನು ತಂತಿಗೆ ತೂಗಿದ ಕುರ್ಚಿಗಳಲ್ಲಿ ಮೇಲಕ್ಕೊಯ್ಯುವ ಈ ಗುಡ್ಡದ ಲಿಫ್ಟುಗಳಿಗೆ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವನು. ಕಂಬದ ಕೆಳಗೆ ನಿಂತು ಸದ್ದು ಕೇಳಿಯೇ ಮೇಲೆ ಯಾವ ಗಾಲಿಯ ಬೇರಿಂಗು ಕೆಡುತ್ತಿದೆ ಎಂದು ಹೇಳುತ್ತಿದ್ದ. ನೋಟ ಅಂಚುಗಳಿಂದ ಕಪ್ಪಾಗುತ್ತ ಬಂದು, ಆರು ಚಳಿಗಾಲದ ಹಿಂದೆ ನಡುವಿನ ಬಿಲ್ಲೆಯಷ್ಟು ಬೆಳಕೂ ಆರಿತು. ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಜಾರುವ ಸ್ಕೀ ಮಾತ್ರ ಬಿಡಲಿಲ್ಲ. ಮಾರ್ಲಿಸ್ ಮುಂದೆ, ಅವನು ಹಿಂದೆ, ನಡುವೆ ಎರಡು ಆಳುದ್ದ. ಅವಳು "ಎಡ" ಎಂದರೆ ಎಡಕ್ಕೆ, "ಬಲ" ಎಂದರೆ ಬಲಕ್ಕೆ. ಪ್ರತಿ ಕೂಗಿಗೂ ಅವನು ಹಿಂದಿನಿಂದ "ಹೂಂ" ಎನ್ನುತ್ತಾನೆ.

(ಅಜ್ಜಿ ಕಥೆ ಹೇಳುವಾಗ ನಾವೂ ಹೂಂಗುಟ್ಟಬೇಕಿತ್ತು. ಒಂದು ಹೂಂ ತಪ್ಪಿದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು, ರಾಜಕುಮಾರ ಮರದ ಮೇಲೆ, ಹುಲಿ ಮರದ ಕೆಳಗೆ. ನಿದ್ದೆ ಎಳೆಯುತ್ತಿದ್ದರೂ ಆ ಹೆದರಿಕೆಗೇ ನಾನು ಹೂಂ ಎನ್ನುತ್ತಿದ್ದೆ. ಅವುಗಳಲ್ಲಿ ಎಷ್ಟು ಹೂಂ ನಿಜವಾದವು ಎಂದು ಅಜ್ಜಿಗೆ ಗೊತ್ತಿತ್ತೋ ಇಲ್ಲವೋ.)

ಇಬ್ಬರಿಗೂ ಏನು ಸಂಬಂಧ? ಇಲ್ಲಿ ನಾನು ತಡವರಿಸುತ್ತೇನೆ. ಮಾರ್ಲಿಸ್ ಅವನ ಮಗ ಡೇಲ್‌ನ ಹೆಂಡತಿಯಾಗಿದ್ದಳು. ನಾಲ್ಕು ವರ್ಷದ ಹಿಂದೆ ಡಿವೋರ್ಸ್ ಆಯಿತು. ಕನ್ನಡದಲ್ಲಿ ಮಾಜಿ ಮಂತ್ರಿಗಳಿದ್ದಾರೆ, ಮಾಜಿ ಸೈನಿಕರಿದ್ದಾರೆ, ಮಾಜಿ ಮಾವ ಎಂದರೆ ಮಾತ್ರ ನಗು ಬರುತ್ತದೆ. ಅವರ ಭಾಷೆಯಲ್ಲೂ ಈ ತೊಡಕು ಇಲ್ಲದಿಲ್ಲ. ಮದುವೆಯಲ್ಲಿದ್ದಾಗ ಅವಳು "ಡ್ಯಾಡ್" ಎನ್ನುತ್ತಿದ್ದಳು. ಈಗ "ಎಮೆಟ್" ಎನ್ನುತ್ತಾಳೆ. ಲಿಫ್ಟಿನ ಸಾಲಿನಲ್ಲಿ ಯಾರಾದರೂ ಇವರು ಯಾರು ಎಂದು ಕೇಳಿದರೆ ಎಮೆಟ್ "ನನ್ನ ಗೈಡು" ಎನ್ನುತ್ತಾನೆ. ಆ ಒಂದು ಪದಕ್ಕೆ ಜೋತುಬಿದ್ದು ಅವರಿಬ್ಬರೂ ನಾಲ್ಕು ಚಳಿಗಾಲ ಕಳೆದಿದ್ದಾರೆ. ಆ ಪದ ಹೋದರೆ ಶನಿವಾರ ಬೆಳಿಗ್ಗೆ ಅವನ ಮನೆಯ ಬಾಗಿಲು ತಟ್ಟಲು ಮಾರ್ಲಿಸ್‌ಗೆ ಬೇರೆ ನೆಪವಿಲ್ಲ.

ಈ ಭಾನುವಾರ ಆ ಪದ ಹೋಗಬಹುದು.

(ಅವಳು ಅವನನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ಎಂದು ಅರ್ಧ ದಿನ ಕೂತೆ. ಅವರಲ್ಲಿ ಎರಡಕ್ಕೂ ಒಂದೇ ಮಾತು. ಎಮೆಟ್ "ನೀವು ಗೀವು ಅಂದು ನನ್ನ ಇನ್ನೂ ಮುದುಕನ್ನ ಮಾಡಬೇಡ" ಎಂದ. ಮಾರ್ಲಿಸ್ ಮಾತ್ರ ಈಗೀಗ ಅವನ ಮುಂದೆ ತುಸು ಹುಷಾರಾಗಿ ಮಾತಾಡುತ್ತಾಳೆ. ಆ ಹುಷಾರಿಗೆ ನನಗೆ ಸಿಕ್ಕಿದ್ದು ನೀವು ಒಂದೇ.)

೩

ಮೊದಲ ಕರಡನ್ನು ಕಳೆದ ಶನಿವಾರದಿಂದ ಆರಂಭಿಸಿದ್ದೆ. "ಬಿಸಿಲ ಝಳಕ್ಕೆ ಮಾರ್ಲಿಸ್ ಮೂರ್ಛೆ ಹೋಗಿ ಹಿಮದ ಮೇಲೆ ಕುಸಿದಳು." ನನಗೆ ಈ ವಾಕ್ಯ ಹಿಡಿಸಿತ್ತು. ಮಾರ್ಲಿಸ್‌ಗೆ ಹಿಡಿಸಲಿಲ್ಲ.

"ಮೂರ್ಛೆ ಹೋಗಿಲ್ಲ, ಕೂತೆ," ಎಂದಳು.

ಕಣ್ಣು ಕತ್ತಲೆ ಬಂತಲ್ಲ ಎಂದೆ.

"ಬಂತು. ಅದಕ್ಕೇ ಕೂತೆ. ಕೂರೋದಕ್ಕೂ ಬೀಳೋದಕ್ಕೂ ವ್ಯತ್ಯಾಸ ಇಲ್ವಾ? ನೀನು ಬಿದ್ದೆ ಅಂತ ಬರೆದ್ರೆ ಗ್ರೆಚನ್ ಅದನ್ನೇ ಹಿಡ್ಕೋತಾಳೆ."

ಸರಿ, ಕೂತಳು. ಅವಳು ತೊಟ್ಟಿದ್ದು ಜನವರಿಗೆಂದು ಮಾಡಿದ ಪ್ಯಾಂಟು. ದಪ್ಪ ಹೊರಬಟ್ಟೆ, ಒಳಗೆ ಹತ್ತಿಯಂಥ ಮೆತ್ತೆ, ಎದೆವರೆಗೆ ಏರುವ ಪಟ್ಟಿ. ಅದರೊಳಗೆ ಏಪ್ರಿಲ್ ಬಿಸಿಲಿನಲ್ಲಿ ಇಳಿಯುವುದೆಂದರೆ ಇಡ್ಲಿ ಪಾತ್ರೆಯೊಳಗೆ ಕೂತು ಮುಚ್ಚಳ ಹಾಕಿಸಿಕೊಂಡಂತೆ. ಅರ್ಧ ಗುಡ್ಡದಲ್ಲಿ ಕಿವಿ ಗುಂಯ್ ಎಂದಿತು, ಎರಡು ತಿರುವು ಅವಳ ಬಾಯಿಂದ ಕೂಗು ಹೊರಡಲಿಲ್ಲ, ಕೂತುಬಿಟ್ಟಳು. "ನಿಲ್ಲಿ" ಎಂದು ಹೇಳಲೂ ಆಗಲಿಲ್ಲ. ಆದರೂ ಎಮೆಟ್ ಅವಳ ಹಿಂದೆ ಎರಡು ಮಾರು ದೂರದಲ್ಲಿ ತಾನಾಗಿ ನಿಂತಿದ್ದ. ಹೇಗೆ ನಿಂತ ಎಂದು ಆಗ ಯಾರಿಗೂ ಕೇಳಬೇಕೆನಿಸಲಿಲ್ಲ.

ಗ್ರೆಚನ್ ಎಂದರೆ ಊರಿನ ಕುರುಡು ಸ್ಕೀಗಾರರ ಸಂಘ ನಡೆಸುವವಳು. ಗೈಡುಗಳಿಗೆ ಗುರುತಿಗಾಗಿ ಕೋಟಿನ ಮೇಲೆ ತೊಡುವ ಕಿತ್ತಳೆ ಬಣ್ಣದ ಬನಿಯನ್ನು ಕೊಡುವವಳೂ ಅವಳೇ, ಕಿತ್ತುಕೊಳ್ಳುವವಳೂ ಅವಳೇ. ಇದೆಲ್ಲವನ್ನೂ ಅವಳು ಲಿಫ್ಟಿನ ಮೇಲೆ ಕೂತು ನೋಡಿದಳು. ಕೆಳಗಿಳಿದು ಬಂದು ನೀರಿನ ಬಾಟಲಿ ಕೊಟ್ಟಳು, ಬೆನ್ನು ಸವರಿದಳು, ಆಮೇಲೆ ಮಾತು ಹೇಳಿದಳು. ಮುಂದಿನ ಭಾನುವಾರ ಈ ಚಳಿಗಾಲಕ್ಕೆ ಗುಡ್ಡ ತೆರೆದಿರುವ ಕೊನೆಯ ದಿನ. ಆ ದಿನ ತಾನು ಮೇಲಿಂದ ಕೆಳವರೆಗೆ ಇಬ್ಬರ ಹಿಂದೆಯೇ ಇಳಿದು ಮಾರ್ಲಿಸ್ ಕೂಗುವುದನ್ನು ಗಮನಿಸುತ್ತಾಳಂತೆ. ಸರಿಯಿದ್ದರೆ ಬರುವ ಚಳಿಗಾಲಕ್ಕೂ ಬನಿಯನ್ನು ಅವಳದೇ. ಸರಿಯಿಲ್ಲದಿದ್ದರೆ ಎಮೆಟ್‌ಗೆ ತರಬೇತಿಯಾದ ಬೇರೊಬ್ಬರು. ಮತ್ತೆ ಈ ಕಂಬಳಿಯಂಥ ಪ್ಯಾಂಟು ತೊಟ್ಟು ಬಂದರೆ ಲಿಫ್ಟೇ ಹತ್ತಿಸುವುದಿಲ್ಲ.

ಅಂದಿನಿಂದ ಮಾರ್ಲಿಸ್ ನಿದ್ದೆಯಲ್ಲೂ ಎಡ ಬಲ ಎನ್ನುತ್ತಿದ್ದಾಳೆ. ಮಂಗಳವಾರ ಬಸ್ಸು ಓಡಿಸುತ್ತಾ ಅಂಚೆ ಕಚೇರಿಯ ಮುಂದೆ ಗಟ್ಟಿಯಾಗಿ "ಬಲ" ಎಂದಳಂತೆ. ಹಿಂದಿನ ಸೀಟಿನ ಮಕ್ಕಳೆಲ್ಲ ಬಲಕ್ಕೆ ವಾಲಿದರಂತೆ.

೪

ಗುರುವಾರ ಮಧ್ಯಾಹ್ನ, ರೊಸಾಲ್ವಾಳ ಅಂಗಡಿ.

ಊರಿನವರು ತೊಟ್ಟು ಬಿಟ್ಟ ಸ್ಕೀ ಬಟ್ಟೆಗಳು ಇಲ್ಲಿಗೆ ಬರುತ್ತವೆ, ಇಲ್ಲಿಂದ ಇನ್ನೊಬ್ಬರ ಮೈಗೆ ಹೋಗುತ್ತವೆ. ಹಾಗಾಗಿ ಲ್ಯಾಡರ್ ಕ್ರೀಕಿನಲ್ಲಿ ಯಾರನ್ನಾದರೂ ಹಿಂದಿನಿಂದ ನೋಡಿ ಹೆಸರು ಹಿಡಿದು ಕೂಗುವುದು ಅಪಾಯ. ರೊಸಾಲ್ವಾ ಅರವತ್ತರ ಗಟ್ಟಿ ಹೆಂಗಸು. ಕೊರಳಲ್ಲಿ ಅಳತೆ ಟೇಪು, ಹೊಲಿಗೆ ಮೆಷಿನ್ನು ಕಿಟಕಿಯ ಬಳಿ. (ಅಂಗಡಿಯನ್ನು "ಮಬ್ಬುಗತ್ತಲೆಯ ಗುಹೆ" ಎಂದು ಬರೆದಿದ್ದೆ. ದೊಡ್ಡ ಕಿಟಕಿಗೆ ಈಗತಾನೆ ಸೋಪು ಹಾಕಿ ಒರೆಸಿದ್ದೇನೆ, ಕಣ್ಣು ಬಿಟ್ಟು ಬರಿ ಎಂದು ಬೈದಳು. ಅಳಿಸಿದೆ.)

ಎಮೆಟ್ ಕೂಡ ಬಂದಿದ್ದ. ತಾನೇ ಬರುತ್ತೇನೆ ಎಂದು ಹಟ ಹಿಡಿದಿದ್ದ. ಬೂಟು ಹಾಕಿ ನೋಡುವ ಬೆಂಚಿನ ಮೇಲೆ ಬಿಳಿ ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ತಲೆಯನ್ನು ಒಂದು ಬದಿಗೆ ವಾಲಿಸಿ ಕೂತ.

ರೊಸಾಲ್ವಾ ಮೊದಲು ತಂದಿದ್ದು ಬೂದು ಬಣ್ಣದ್ದು. ಎಳೆದರೆ ಎಳೆಯುವ ಮೆತ್ತನೆಯ ತೆಳು ಬಟ್ಟೆ. ಅಸ್ತರದ ಮಾತೇ ಇಲ್ಲ. ವಸಂತದಲ್ಲಿ ಮೈಯೊಳಗಿನ ನೀರು ಹೊರಗಿನ ನೀರಿಗಿಂತ ಹೆಚ್ಚು, ಆದ್ದರಿಂದ ಮೊದಲು ಗಾಳಿಯ ದಾರಿ ನೋಡಬೇಕು ಎಂದು ಹೇಳುತ್ತಾ ತೊಡೆಯ ಹೊರಬದಿಯ ಜಿಪ್ಪನ್ನು ಸೊಂಟದಿಂದ ಮೊಣಕಾಲವರೆಗೆ ಸರ್ರನೆ ಎಳೆದು ತೋರಿಸಿದಳು. ಲಿಫ್ಟಿನ ಸೀಟು ಕರಗಿದ ನೀರಿನಿಂದ ಸದಾ ಒದ್ದೆ, ಅದಕ್ಕೆ ಕುಂಡೆಗೂ ಮೊಣಕಾಲಿಗೂ ಮಾತ್ರ ನೀರು ತಡೆಯುವ ತುಂಡು. ಸ್ಕೀ ಅಂಚು ಕೊಯ್ಯುವ ಕಾಲಿನ ಒಳಬದಿಗೆ ಗಟ್ಟಿ ತೇಪೆ. ಒಳಗೆ ಒಂದು ಚಡ್ಡಿ ಸಾಕು, ಉದ್ದ ಒಳಉಡುಪು ಬೇಡ.

ಮಾರ್ಲಿಸ್ ತೊಟ್ಟು ಹೊರಬಂದಳು. ಏನೂ ತೊಡದಷ್ಟು ಹಗುರ. ವಾರದಲ್ಲಿ ಮೊದಲ ಸಲ ಅವಳ ಉಸಿರು ಸಲೀಸಾಯಿತು.

"ಸ್ವಲ್ಪ ನಡಿ," ಎಂದ ಎಮೆಟ್.

ನಡೆದಳು. ಕೋಟುಗಳ ಸಾಲಿನ ತುದಿಯವರೆಗೆ ಹೋಗಿ ಬಂದಳು.

ಬೇಡ ಎಂದ. ಮೊಣಕಾಲಲ್ಲಿ ಹಿಡಿಯುತ್ತಿದೆ ಎಂದ. ಹಿಡಿಯುತ್ತಿರುವುದು ಮಾರ್ಲಿಸ್‌ಗೆ ತಾನೇ ಗೊತ್ತಾಗಬೇಕು ಎಂದು ರೊಸಾಲ್ವಾ ಕೇಳಿದ್ದಕ್ಕೆ, ಮುಂದಿನದು ತಾ ಎಂದ.

ಎರಡನೆಯದು ಹಸಿರು ಬಣ್ಣದ್ದು. ಇನ್ನೂ ಮೆತ್ತಗೆ. ಮತ್ತೆ ನಡೆದಳು. ಅದೂ ಬೇಡವಂತೆ, ಈ ಸಲ ಬಣ್ಣ ಸರಿಯಿಲ್ಲವಂತೆ.

"ಬಣ್ಣ ನಿಮಗೆ ಹೇಗೆ ಗೊತ್ತಾಯ್ತು ಸ್ವಾಮಿ?" ಎಂದಳು ರೊಸಾಲ್ವಾ.

"ನೀನೇ ಈಗ ಒಣ ಪುದೀನ ಅಂದ್ಯಲ್ಲ. ಅಂಥ ಹೆಸರಿಟ್ಕೊಂಡಿರೋ ಬಣ್ಣ ನೋಡೋದೇನಿದೆ."

ಮೂರನೆಯದು ನೀಲಿ, ಭುಜಕ್ಕೆ ಪಟ್ಟಿಯಿದ್ದದ್ದು. ಪಟ್ಟಿ ಬೇಡ. ನಾಲ್ಕನೆಯದರ ಜೇಬು ಸರಿಯಿಲ್ಲ. ಐದನೆಯದಕ್ಕೆ ಕಾರಣವನ್ನೂ ಕೊಡಲಿಲ್ಲ, ಬೇಡವೆಂದು ತಲೆಯಾಡಿಸಿದ.

ಮಾರ್ಲಿಸ್ ಬಟ್ಟೆ ಬದಲಿಸುವ ಪರದೆಯ ಹಿಂದೆ ನಿಂತಳು. ಅವನಿಗೆ ಯಾವ ಪ್ಯಾಂಟೂ ಬೇಡ, ಅವನಿಗೆ ಬೇಡವಾಗಿರುವುದು ತಾನು ಎಂದು ಅವಳಿಗೆ ಹೊಳೆದದ್ದು ಆಗ. ನೇರ ಹೇಳಲು ಸಂಕೋಚ, ಆದ್ದರಿಂದ ಭಾನುವಾರ ತಾನಾಗಿ ಬಂದು ಕೆಲಸ ಮುಗಿಸಲಿ ಎಂದು ಕಾಯುತ್ತಿದ್ದಾನೆ. ಡೇಲ್ ಕೂಡ ಹೀಗೇ ಮಾಡಿದ್ದ. ಸೋಫಾ ಬಣ್ಣ ಸರಿಯಿಲ್ಲ, ಅಡುಗೆಮನೆಯ ದೀಪ ಸರಿಯಿಲ್ಲ ಎನ್ನುತ್ತಾ ಒಂದು ವರ್ಷ ತೆಗೆದುಕೊಂಡು, ಕೊನೆಗೆ ಸೋಫಾವನ್ನೂ ದೀಪವನ್ನೂ ಅವಳಿಗೇ ಬಿಟ್ಟು ಹೋಗಿದ್ದ.

(ಇಲ್ಲ ಮಾರ್ಲಿಸ್, ಹಾಗಲ್ಲ ಎಂದು ನಾನು ಹೇಳಬಹುದಿತ್ತು. ಪರದೆಯ ಈಚೆ ಏನಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಆದರೆ ಕಥೆ ಬರೆಯುವವರು ಇಂಥ ಹೊತ್ತಿನಲ್ಲೇ ಬಾಯಿ ಮುಚ್ಚಿಕೊಳ್ಳುವುದು. ಇದೇನು ದೊಡ್ಡ ಗುಣವಲ್ಲ.)

೫

ಆರನೆಯ ಪ್ಯಾಂಟನ್ನು ರೊಸಾಲ್ವಾ ತಂದಿದ್ದಲ್ಲ. ಸಿಟ್ಟಿನಲ್ಲಿ ಮಾರ್ಲಿಸ್ ತಾನೇ ಮೂಲೆಯಿಂದ ಎಳೆದುಕೊಂಡಳು. ಬೇಸಿಗೆಯಲ್ಲಿ ನದಿಯ ಮೇಲೆ ರಬ್ಬರು ದೋಣಿ ನಡೆಸುವವರು ತೊಡುವ ಹಳದಿ ಮಳೆಪ್ಯಾಂಟು. ಗಾಳಿಗೆ ಒಂದು ಸೂಜಿತೂತೂ ಇಲ್ಲ. ತೊಟ್ಟು ನಡೆದಳು. ಹಪ್ಪಳದ ಮೂಟೆಯೊಂದು ಎದ್ದು ಓಡಾಡಿದಂತೆ ಅಂಗಡಿಯೆಲ್ಲ ಚರಪರ ಎಂದಿತು.

"ಇದೇ," ಎಂದ ಎಮೆಟ್. ಬೆಂಚಿನಿಂದ ಅರ್ಧ ಎದ್ದೇಬಿಟ್ಟಿದ್ದ. "ಇದನ್ನೇ ತಗೋ."

ರೊಸಾಲ್ವಾ ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟಳು. ಇದನ್ನು ತೊಟ್ಟು ಗುಡ್ಡ ಇಳಿದರೆ ಹುಡುಗಿ ಬೆಂದುಹೋಗುತ್ತಾಳೆ, ಹಳೆಯದೇ ವಾಸಿ ಎಂದಳು. ಮಾರ್ಲಿಸ್ ಆಗಲೇ ಬೆವರುತ್ತಿದ್ದಳು.

"ಎಮೆಟ್, ನಿಮಗೆ ಬೇರೆ ಗೈಡ್ ಬೇಕಿದ್ರೆ ಬಾಯ್ಬಿಟ್ಟು ಹೇಳಿ," ಎಂದಳು. "ನಾನು ಗ್ರೆಚನ್ ಮುಂದೆ ಮತ್ತೆ ತಲೆ ತಿರುಗಿ ಕೂರ್ಲಿ ಅಂತ ಕಾಯ್ಬೇಡಿ. ಅಷ್ಟು ಕಷ್ಟ ನಿಮಗೆ ಬೇಡ."

ಇಲ್ಲಿ ಎಮೆಟ್ ಉತ್ತರ ಕೊಡಬೇಕು. ಆ ಜಾಗಕ್ಕೆ ಮೂರು ಉತ್ತರ ಬರೆದು ಇಟ್ಟಿದ್ದೆ. ಒಂದರಲ್ಲಿ ಅವನು ಅಳುತ್ತಾನೆ. ಒಂದರಲ್ಲಿ "ನೀನು ನನ್ನ ಮಗಳಿದ್ದಂತೆ" ಎನ್ನುತ್ತಾನೆ. ಮೂರನೆಯದು ನನಗೇ ನಾಚಿಕೆ ತರಿಸಿತು. ಮೂರನ್ನೂ ಓದಿ ಹೇಳಿದೆ. ಎಮೆಟ್ ಕೇಳಿ, ಇದ್ಯಾವುದೂ ತಾನು ಆಡುವ ಮಾತಲ್ಲ ಎಂದ. ನಿಜವಾದದ್ದನ್ನು ನೀನೇ ಹೇಳು ಹಾಗಾದರೆ ಎಂದೆ. ಹೇಳಿದರೆ ಅವಳಿಗೆ ನೋವಾಗುತ್ತದೆ ಎಂದ. ಈಗೇನು ಸುಖವಾಗಿದ್ದಾಳೆಯೇ ಎಂದೆ.

ಆಗ ಹೇಳಿದ.

"ಮಾರ್ಲಿ, ನೀನು ಲೇಟಾಗಿ ಕೂಗ್ತೀಯ."

ಅವಳಿಗೆ ಅರ್ಥವಾಗಲಿಲ್ಲ.

"ಎಡ ಅಂತ, ಬಲ ಅಂತ. ನೀನು ತಿರುಗಿ ಆದ್ಮೇಲೆ ಬಾಯಲ್ಲಿ ಬರುತ್ತೆ. ಮೊದಲ ದಿನದಿಂದ ಹಾಗೇನೆ."

"ನೀವು ಹೂಂ ಅಂತಿದ್ರಲ್ಲ."

"ಹೂಂ ಅನ್ನದಿದ್ರೆ ನಿನಗೆ ಗಾಬರಿ."

"ಮತ್ತೆ ಹೇಗೆ ತಿರುಗ್ತಿದ್ರಿ?"

"ನಿನ್ನ ಪ್ಯಾಂಟ್ ಕೇಳಿಸ್ಕೊಂಡು," ಎಂದ ಎಮೆಟ್. "ತಿರುವಿಗೆ ಮುಂಚೆ ಕಾಲು ಕಾಲಿಗೆ ಉಜ್ಜುತ್ತೆ. ಎಡಗಾಲ ಒಳಗಡೆ ಹರಿದಿತ್ತು ಅಂತ ಬೆಳ್ಳಿ ಟೇಪ್ ಸುತ್ತಿದೀಯಲ್ಲ, ಎಡಕ್ಕೆ ವಾಲಿದ್ರೆ ಆ ಟೇಪ್ ಉಜ್ಜಿ ಸದ್ದು ಒರಟು. ಒರಟಾದ್ರೆ ಎಡ, ನುಣುಪಾದ್ರೆ ಬಲ, ನಿಂತ್ರೆ ನಿಲ್ಲು. ನಿನ್ನ ಮಾತು ಬರೋಷ್ಟೊತ್ತಿಗೆ ನಾನು ತಿರುಗಿ ಆಗಿರುತ್ತೆ."

೬

ಓದುಗರೇ, ಆರು ಚಳಿಗಾಲ ನೀವು ಒಬ್ಬರಿಗೆ ದಾರಿ ತೋರಿಸಿದಿರಿ ಎಂದುಕೊಳ್ಳಿ. ದನಿ ಒಡೆಯಬಾರದೆಂದು ಜೇನು ನೆಕ್ಕಿದಿರಿ, ನೆಗಡಿಯಾದರೆ ಹಬೆ ತೆಗೆದುಕೊಂಡಿರಿ. ಕೊನೆಗೆ ತಿಳಿಯುತ್ತದೆ, ದಾರಿ ತೋರಿಸಿದ್ದು ನಿಮ್ಮ ಪ್ಯಾಂಟು.

ಮಾರ್ಲಿಸ್ ಹಳದಿ ಪ್ಯಾಂಟಿನಲ್ಲೇ ನೆಲದ ಮೇಲೆ ಕೂತಳು. (ಕೂತಳು. ಬೀಳಲಿಲ್ಲ.)

ಯಾಕೆ ತಡವಾಗುತ್ತದೆ ಎಂಬುದೂ ಎಮೆಟ್‌ಗೆ ಗೊತ್ತಿತ್ತು. ಅವಳು ಪ್ರತಿ ತಿರುವಿಗೂ ಮೊದಲು ಕತ್ತು ಹೊರಳಿಸಿ ಅವನು ಸರಿಯಾಗಿದ್ದಾನೆಯೇ ಎಂದು ನೋಡುತ್ತಾಳೆ. ನೋಡಿ ಸಮಾಧಾನವಾದ ಮೇಲೆ ಕೂಗುತ್ತಾಳೆ. ಬಸ್ಸಿನಲ್ಲಿ ಕನ್ನಡಿ ನೋಡುವ ಅಭ್ಯಾಸ. ತಾನು ಹಿಂದೆ ನೋಡುವುದು ಕಣ್ಣಿಲ್ಲದವನಿಗೆ ಹೇಗೆ ತಿಳಿಯಿತು ಎಂದು ಅವಳು ಕೇಳಿದಳು. ಮುಖ ತನ್ನ ಕಡೆ ತಿರುಗಿದಾಗ ದನಿ ಜೋರಾಗುತ್ತದೆ, ಆಚೆ ತಿರುಗಿದಾಗ ಸಣ್ಣದಾಗುತ್ತದೆ, ಲಿಫ್ಟಿನ ಕಂಬದ ಕೆಳಗೆ ಮೂವತ್ತೊಂದು ವರ್ಷ ನಿಂತ ಕಿವಿಗೆ ಇಷ್ಟೂ ಗೊತ್ತಾಗುವುದಿಲ್ಲವೇ ಎಂದ.

ಗ್ರೆಚನ್ ಅವರ ಹಿಂದೆ ಬರುವಾಗ ನೋಡುವುದು ಎಮೆಟ್‌ನನ್ನು. ಅವನು ಹೊತ್ತಿಗೆ ಸರಿಯಾಗಿ ತಿರುಗಿದರೆ ಕೂಗು ಅರ್ಧ ಕ್ಷಣ ಹಿಂದಾದದ್ದು ಅವಳ ಲೆಕ್ಕಕ್ಕೆ ಬರಲಿಕ್ಕಿಲ್ಲ. ಅವನು ತಿರುಗಬೇಕಾದರೆ ಪ್ಯಾಂಟು ಮಾತಾಡಬೇಕು. ಗಟ್ಟಿ ಹಿಮದಲ್ಲಾದರೆ ಅವಳ ಸ್ಕೀಗಳಾದರೂ ಕೆರೆಯುವುದು ಕೇಳುತ್ತದೆ, ಏಪ್ರಿಲ್ಲಿನ ಸಬ್ಬಕ್ಕಿ ಅದನ್ನೂ ನುಂಗುತ್ತದೆ. ಅಂಗಡಿಗೆ ಬಂದಾಗಿನಿಂದ ಎಮೆಟ್ ಹುಡುಕುತ್ತಿದ್ದುದು ಹಗುರದ ಪ್ಯಾಂಟನ್ನಲ್ಲ, ಅವಳನ್ನು ಉಳಿಸುವ ಒಂದು ಸದ್ದನ್ನು.

"ಐದೂ ಪ್ಯಾಂಟಲ್ಲಿ ನೀನು ನಡೆದ್ರೆ ನೀನೇ ಇಲ್ಲ ಅನ್ನೋ ಹಾಗಿತ್ತು," ಎಂದ.

೭

ಈಗ ನನ್ನ ಬಳಿ ಮೂರು ಮುಕ್ತಾಯಗಳಿವೆ.

ಅ) ರೊಸಾಲ್ವಾಳ ಗೋಡೆಯ ಮೇಲೆ, ಸ್ಕೀ ಪಂದ್ಯಗಳಲ್ಲಿ ಜನ ಅಲ್ಲಾಡಿಸುವ ಹಸುವಿನ ಗಂಟೆಗಳು ತೂಗುತ್ತಿವೆ. ಅದರಲ್ಲೊಂದನ್ನು ಮಾರ್ಲಿಸ್‌ಳ ಸೊಂಟಕ್ಕೆ ಕಟ್ಟುವುದು. ಮಾರ್ಲಿಸ್ ನನ್ನನ್ನು ನೋಡಿದ ರೀತಿಗೆ ಇದನ್ನು ಇಲ್ಲಿಗೇ ಬಿಡುತ್ತೇನೆ. ಗಂಟೆ ಎಡಕ್ಕೂ ಬಲಕ್ಕೂ ಒಂದೇ ಸದ್ದು ಮಾಡುತ್ತದೆ ಎಂದು ಎಮೆಟ್ ಕೂಡ ಹೇಳಿದ.

ಆ) ಹಳೆಯ ಪ್ಯಾಂಟಿನ ಮೆತ್ತೆಯನ್ನು ಬಿಚ್ಚಿ ಹೊರಬಟ್ಟೆಯನ್ನಷ್ಟೇ ಉಳಿಸುವುದು. ನಿಮಗೂ ಇದು ಆಗಲೇ ಹೊಳೆದಿರಬೇಕು. ಕಾರಿನಿಂದ ತರಿಸಿ ನೋಡಿದೆವು. ಮೆತ್ತೆಯನ್ನು ಬಟ್ಟೆಗೆ ಅಂಟು ಹಾಕಿ ಕೂಡಿಸಿದ್ದಾರೆ, ಕಿತ್ತರೆ ಎರಡೂ ಹರಿಯುತ್ತವೆ ಎಂದಳು ರೊಸಾಲ್ವಾ. (ಕಿವಿಗೆ ರೇಡಿಯೊ ಹಾಕಿಕೊಳ್ಳಬಾರದೆ ಎನ್ನುವವರಿಗೆ: ತಡವಾದ ಮಾತು ರೇಡಿಯೊದಲ್ಲೂ ತಡವಾಗಿಯೇ ಬರುತ್ತದೆ.)

ಇ) ಇದೇ ನನ್ನ ಮೆಚ್ಚಿನದು. ಬೂದು ಪ್ಯಾಂಟಿನ ಎಡಗಾಲ ಒಳಬದಿಗೆ ಆ ಹಳದಿ ಪ್ಯಾಂಟಿನಿಂದ ಅಂಗೈ ಅಗಲದ ಪಟ್ಟಿ ಕತ್ತರಿಸಿ ಹೊಲಿಯುವುದು. ಗಾಳಿಯೂ ಆಡುತ್ತದೆ, ಸದ್ದೂ ಬರುತ್ತದೆ. ಅರ್ಧ ಗಂಟೆಯ ಕೆಲಸ ಎಂದು ರೊಸಾಲ್ವಾ ಆಗಲೇ ಮೆಷಿನ್ನಿಗೆ ದಾರ ಏರಿಸುತ್ತಿದ್ದಾಳೆ. ಎಮೆಟ್‌ನ ಮುಖ ಅರಳಿದೆ. ಅಜ್ಜಿಯಾಗಿದ್ದರೆ ಇಲ್ಲಿಗೆ ಕಥೆ ಮುಗಿಸಿ ನಮ್ಮನ್ನು ಊಟಕ್ಕೆ ಎಬ್ಬಿಸುತ್ತಿದ್ದಳು.

ಮಾರ್ಲಿಸ್ ಎದ್ದು ಬಂದು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ಬೇಡ," ಎಂದಳು.

ಯಾಕೆ ಬೇಡ? ಮೂರೂ ಜನ ಒಟ್ಟಿಗೆ ಕೇಳಿದೆವು.

"ಹಾಗಿದ್ರೆ ಪ್ಯಾಂಟನ್ನೇ ಗುಡ್ಡಕ್ಕೆ ಕಳಿಸಿ, ನಾನ್ಯಾಕೆ?" ಎಂದಳು ಮೊದಲು. ಅದು ಸಿಟ್ಟಿನ ಮಾತು. ಆಮೇಲೆ ಬೇರೆ ದನಿಯಲ್ಲಿ ಹೇಳಿದಳು. "ಒಂದಿನ ಜೋರು ಗಾಳಿ ಬೀಸುತ್ತೆ ಎಮೆಟ್. ಪ್ಯಾಂಟ್ ಕೇಳ್ಸಲ್ಲ. ನಿಮಗೆ ಇರೋದು ನಾನು ಕೂಗೋದೊಂದೇ. ನಾನು ಹಿಂದೆ ತಿರುಗಿ ನಿಮ್ಮನ್ನ ನೋಡ್ತಾ ಇರ್ತೀನಿ, ಮುಂದೆ ಮರ ಇರುತ್ತೆ."

ಎಮೆಟ್ ಕೋಲಿನ ತುದಿಯಿಂದ ನೆಲವನ್ನು ಒಮ್ಮೆ ತಟ್ಟಿದ. ಇಷ್ಟು ವರ್ಷ ಹೇಳದೆ ತಪ್ಪು ಮಾಡಿದೆ ಎಂದು ಅವನು ಬಾಯಲ್ಲಿ ಹೇಳಲಿಲ್ಲ. ಹೇಳಿಸಲು ನಾನು ಎರಡು ಸಲ ಯತ್ನಿಸಿದೆ, ಆಗಲಿಲ್ಲ. ಅವನು ಎದ್ದು ನಿಂತ.

"ಆ ಮೊದಲನೇದು ತೊಟ್ಕೊಂಡು ಬಾ," ಎಂದ. "ಮೊಣಕಾಲಲ್ಲಿ ಹಿಡಿಯುತ್ತೆ ಅಂದಿದ್ದು ಸುಳ್ಳು."

೮

ಬೂದು ಪ್ಯಾಂಟು. ಅಂಗಡಿಯ ಬೆಲೆ ಚೀಟಿ ಸೊಂಟದಿಂದ ಜೋತಾಡುತ್ತಿದೆ. ಮಾರ್ಲಿಸ್ ಮುಂದೆ, ಎಮೆಟ್ ಹಿಂದೆ, ಕೋಲು ಬೆಂಚಿನ ಮೇಲೆ. ಬಟ್ಟೆಯ ಸಾಲುಗಳ ನಡುವೆ ಅವಳು ನಡೆಯುತ್ತಾ ಕೂಗಬೇಕು. ಹಿಂದೆ ನೋಡುವಂತಿಲ್ಲ.

ಮೊದಲ ಸಲ ಕೋಟುಗಳ ಮೂಲೆಯಲ್ಲಿ ಕತ್ತು ತಾನಾಗಿ ಹೊರಳಿತು. "ಎಡ" ಎನ್ನುವಷ್ಟರಲ್ಲಿ ಎಮೆಟ್‌ನ ಭುಜ ಕಂಬಕ್ಕೆ ತಾಗಿ ಆರು ಕೋಟು ನೆಲಕ್ಕೆ ಬಿದ್ದವು. ಎರಡನೆಯ ಸಲ ಕತ್ತನ್ನು ಬಿಗಿಹಿಡಿದಳು, ಆದರೆ ಭಯಕ್ಕೆ ಎಡಕ್ಕೆ ಬಲ ಎಂದಳು. ಎಮೆಟ್ ಟೋಪಿಗಳ ಬುಟ್ಟಿಯೊಳಗೆ ಕಾಲಿಟ್ಟ. ರೊಸಾಲ್ವಾ ತನ್ನ ಸರಕನ್ನೆಲ್ಲ ಗೋಡೆಗೆ ಸರಿಸುತ್ತಾ, ಇಂಥ ಗಿರಾಕಿಗಳು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದಳು.

ಮೂರನೆಯ ಸಲ ಕೂಗು ಬಂತು, ಆದರೆ ಹಿಂದಿನಿಂದ ಹೂಂ ಬರಲಿಲ್ಲ. ಮಾರ್ಲಿಸ್ ನಿಂತಳು.

"ಹೂಂ ಅನ್ನಲ್ವಾ?"

"ಇಲ್ಲ. ಹೂಂ ಅಂದು ಅಂದೇ ನಿನ್ನ ಕೆಡಿಸಿದ್ದು. ನಡಿ."

ಅವಳ ಹಿಂದೆ ಈಗ ಯಾರೂ ಇಲ್ಲದಷ್ಟು ಮೌನ. ಅವನು ಇದ್ದಾನೆಯೇ, ಬಿದ್ದಿದ್ದಾನೆಯೇ, ನಗುತ್ತಿದ್ದಾನೆಯೇ, ತಿಳಿಯುವಂತಿಲ್ಲ. ಅವನಿಗೆ ಅವಳ ಪ್ಯಾಂಟಿಲ್ಲ, ಅವಳಿಗೆ ಅವನ ಹೂಂ ಇಲ್ಲ. ಬೇಕಾದರೆ ನಾನು ಹೇಳಬಹುದು, ಇದ್ದಾನೆ ನಡಿ ಎಂದು. ಮೊದಲ ಬಾರಿಗೆ ಅವಳು ನನ್ನನ್ನೂ ಕೇಳಲಿಲ್ಲ.

ನಾಲ್ಕು, ಐದು, ಒಂಬತ್ತು. ಎಣಿಸುವುದನ್ನು ಬಿಟ್ಟೆ.

೯

ಭಾನುವಾರದ ಬಗ್ಗೆ ಕೇಳಬೇಡಿ. ಆ ದಿನವನ್ನು ಮೂರು ರೀತಿ ಬರೆದೆ. ಗ್ರೆಚನ್ ಬನಿಯನ್ನು ಕೊಡುವ ಭಾನುವಾರ ಬಿಸ್ಕತ್ತಿನ ಜಾಹೀರಾತಿನಂತಾಯಿತು. ಕಿತ್ತುಕೊಳ್ಳುವ ಭಾನುವಾರವನ್ನು ರಾತ್ರಿ ಬರೆದು ಬೆಳಿಗ್ಗೆ ಹರಿದೆ. ಮೂರನೆಯದರಲ್ಲಿ ಜೋರು ಗಾಳಿ ಬೀಸಿ ಗುಡ್ಡವನ್ನೇ ಮುಚ್ಚುತ್ತಾರೆ, ಅದು ಪುಕ್ಕಲು ಲೇಖಕಿಯ ಕೆಲಸ. ಅವರು ಇನ್ನೂ ಗುರುವಾರದಲ್ಲಿದ್ದಾರೆ. ಅವರಿಗೆ ಗೊತ್ತಿಲ್ಲದ್ದು ನಿಮಗೂ ನನಗೂ ಯಾಕೆ ಗೊತ್ತಾಗಬೇಕು? ನಾನು ಮಾತು ಕೊಟ್ಟಿದ್ದು ಒಂದು ಪ್ಯಾಂಟಿಗೆ.

೧೦

ರೊಸಾಲ್ವಾಳ ಅಂಗಡಿಯ ಬಾಗಿಲಾಚೆ ಎರಡು ಕಲ್ಲಿನ ಮೆಟ್ಟಿಲು. ಸೂರಿನಿಂದ ಕರಗಿದ ಹಿಮ ತೊಟ್ಟಿಕ್ಕಿ ಎರಡೂ ಒದ್ದೆ. ಕೊನೆಯದಾಗಿ ಒಮ್ಮೆ ಹೊರಗೆ ಇಳಿದು ನೋಡೋಣ ಎಂದಳು ಮಾರ್ಲಿಸ್. ಚೀಟಿ ಕತ್ತರಿಸದ ಬಟ್ಟೆ ಒಂಟಿಯಾಗಿ ಬಾಗಿಲು ದಾಟುವಂತಿಲ್ಲ ಎಂಬುದು ಅಂಗಡಿಯ ನಿಯಮ. ಅದಕ್ಕೆ ರೊಸಾಲ್ವಾಳೂ ಕತ್ತರಿ ಹಿಡಿದು ಮೊದಲೇ ಹೊರಬಂದು ಮೆಟ್ಟಿಲ ಪಕ್ಕ ನಿಂತಳು. ಬೇಡವಾದರೆ ಈಗಲೂ ವಾಪಸು ಕೊಡಬಹುದು, ಕತ್ತರಿಸಿದ ಮೇಲೆ ಇಲ್ಲ ಎಂದಳು.

ಬೀದಿಯಲ್ಲಿ ಬಿಸಿಲು. ಮಾರ್ಲಿಸ್‌ಳ ಕಣ್ಣು ಎದುರಿನ ಗೋಡೆಯ ಮೇಲೆ ನೆಟ್ಟಿತ್ತು.

"ಮೆಟ್ಟಿಲು, ಎರಡು, ಒದ್ದೆ," ಎಂದಳು ಮುಂದಕ್ಕೆ ಮುಖ ಮಾಡಿ. ಆಮೇಲೆ ತಾನು ಇಳಿದಳು. ಪ್ಯಾಂಟು ಏನೂ ಹೇಳಲಿಲ್ಲ.

ಹಿಂದೆ ಎಮೆಟ್‌ನ ಬೂಟು ಹೊಸ್ತಿಲಿನಿಂದ ಮೇಲೆದ್ದಿತ್ತು. ಎಲ್ಲಿಗೆ ಇಳಿಯುತ್ತದೆ ಎಂದು ನೋಡಲು ಅವಳ ಕತ್ತಿನ ನರಗಳೆಲ್ಲ ಎಳೆದವು. ಅವಳು ತಿರುಗಲಿಲ್ಲ. ಆ ಬೂಟು ಇನ್ನೂ ಗಾಳಿಯಲ್ಲಿರುವಾಗಲೇ ಹೇಳಿದಳು.

"ರೊಸಾಲ್ವಾ, ಚೀಟಿ ಕತ್ತರಿಸು."

ರೊಸಾಲ್ವಾ ಕತ್ತರಿಸಿದಳು.